ಜಾಹೀರಾತು ಸಂಸ್ಥೆಯೊಳಗೇ ಸಿನಿಮಾ: ಎಲ್‌ಎಲ್‌ಪಿ, ನಿಯಮ 9ಎ ಮತ್ತು ನಮ್ಮ ಹೂಡಿಕೆದಾರರು

ಹೂಡಿಕೆದಾರರನ್ನೇ ಪಾಲುದಾರರಾಗಿ ಸೇರಿಸಿಕೊಂಡು ಸಿನಿಮಾ ಮಾಡುತ್ತೇನೆ ಅಂದಾಗ ಗಾಂಧಿನಗರದ ಹಿರಿಯ ನಿರ್ಮಾಪಕರೊಬ್ಬರು ಮುಖಕ್ಕೆ ಹೇಳಿದ್ದರು: "ಬಡ್ಡಿಗೆ ತಗೊಳ್ಳಿ ಸಾರ್, ಲೆಕ್ಕ ಸಲೀಸು. ಪಾರ್ಟ್‌ನರ್‌ಶಿಪ್ ಅಂದ್ರೆ ಯಾರೂ ಸೈನ್ ಹಾಕಲ್ಲ." ನಮ್ಮ ಆಡಿಟರ್‌ಗೂ ಮನಸ್ಸಿರಲಿಲ್ಲ. ಈಗ ಹೂಡಿಕೆದಾರರೆಲ್ಲರ ಅಸಲು ವಾಪಸ್ ಹೋಗಿದೆ, ಮೇಲೆ ಹತ್ತಿರ ಹತ್ತಿರ 10 ಪರ್ಸೆಂಟೂ ಹೋಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೈಗೂಡದ ದಾರಿಗಳು ಮೊದಲು. ತುಂಬಾ ಜನರಿಂದ ಸ್ವಲ್ಪ ಸ್ವಲ್ಪ ಎತ್ತೋಣ ಎಂದು ಹೊರಟೆವು. 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಅಡ್ಡ ಬಂತು. ಪಾಲುದಾರ ಹಾಕುವ ಬಂಡವಾಳ ಆ ಕಾಯ್ದೆಯ ಠೇವಣಿ ಲೆಕ್ಕಕ್ಕೆ ಬರುವುದಿಲ್ಲ, ಅದು ಮುಂದೆ ನಮ್ಮ ಕೈ ಹಿಡಿಯಿತು. ಪ್ರೈವೇಟ್ ಲಿಮಿಟೆಡ್ ಮಾಡಿ ಷೇರು ಕೊಡೋಣ ಅಂದರೆ ಆಗ ಏಂಜೆಲ್ ಟ್ಯಾಕ್ಸ್ (ಷೇರಿನ ನ್ಯಾಯಬೆಲೆ ಮೀರಿ ಬಂದ ಹೂಡಿಕೆಗೆ ಕಂಪನಿ ಕಟ್ಟಬೇಕಿದ್ದ ತೆರಿಗೆ) ಕಾಟ ಇನ್ನೂ ಇತ್ತು. ಫೈನಾನ್ಸ್ ದುಡ್ಡಿನ ಮಾತು ಬೇಡ. ಸ್ಟಾರ್ ಇಲ್ಲದ ಚಿತ್ರಕ್ಕೆ ತಿಂಗಳ ಬಡ್ಡಿ ಓಡಲು ಶುರುವಾದರೆ ಎಡಿಟಿಂಗ್ ಮುಗಿಯುವಷ್ಟರಲ್ಲಿ ಚಿತ್ರವೇ ಅವರದ್ದಾಗಿರುತ್ತದೆ.

ಎಲ್ಲರೂ ಕೊಟ್ಟ ಸಲಹೆ, ಸಿನಿಮಾಗೆ ಬೇರೆ ಎಲ್‌ಎಲ್‌ಪಿ (ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ ಸಂಸ್ಥೆ) ಮಾಡಿ ಎಂದು. ನಾನು ಒಪ್ಪಲಿಲ್ಲ. ಬೇರೆ ಸಂಸ್ಥೆಯಲ್ಲಿ ನಷ್ಟವಾದರೆ ಅದು ಅಲ್ಲೇ ಕೂತಿರುತ್ತದೆ, ಪಾಲುದಾರ ತನ್ನ ಸಂಬಳದ ತೆರಿಗೆಗೆ ಅದನ್ನು ವಜಾ ಮಾಡಿಕೊಳ್ಳುವಂತಿಲ್ಲ. ನಮ್ಮದು ಜಾಹೀರಾತು ಮತ್ತು ಕಾರ್ಪೊರೇಟ್ ಚಿತ್ರ ಮಾಡುವ ಎಲ್‌ಎಲ್‌ಪಿ. ವರ್ಷಕ್ಕೆ 30 ಲಕ್ಷದ ಆಸುಪಾಸು ಲಾಭ, ಅದಕ್ಕೆ ಸೆಸ್ ಸೇರಿ 31.2 ಪರ್ಸೆಂಟ್ ತೆರಿಗೆ. ಸಿನಿಮಾವನ್ನು ಇದರೊಳಗೇ ಇಟ್ಟೆವು.

ಇಲ್ಲಿ ಆದಾಯ ತೆರಿಗೆಯ ನಿಯಮ 9ಎ ನೋಡಬೇಕು, ಸಿನಿಮಾ ನಿರ್ಮಾಣ ವೆಚ್ಚವನ್ನು ಆದಾಯದಿಂದ ಯಾವಾಗ ಕಳೆಯಬಹುದು ಎಂದು ಹೇಳುವುದು ಅದೇ. ಸೆನ್ಸಾರ್ ಆದ ಚಿತ್ರ ಮಾರ್ಚ್ ಕೊನೆಗೆ ಕನಿಷ್ಠ 90 ದಿನ ಮೊದಲು ತೆರೆಕಂಡರೆ ನಿರ್ಮಾಣ ವೆಚ್ಚ ಪೂರ್ತಿ ಅದೇ ವರ್ಷ ಕಳೆಯಬಹುದು. ತಡವಾಯಿತೋ, ಆ ವರ್ಷ ಚಿತ್ರ ದುಡಿದಷ್ಟೇ ಕಳೆಯಲು ಸಿಗುತ್ತದೆ, ಉಳಿದದ್ದು ಮುಂದಿನ ವರ್ಷಕ್ಕೆ. ಅಂದರೆ ಡಿಸೆಂಬರ್ ದಾಟಿದರೆ ನಿರ್ಮಾಣ ವೆಚ್ಚದಿಂದ ಜಾಹೀರಾತಿನ ಲಾಭಕ್ಕೆ ಆ ವರ್ಷ ರಕ್ಷಣೆಯೇ ಇಲ್ಲ. ಹಂಚಿಕೆದಾರರು ಸಂಕ್ರಾಂತಿ ವಾರ ಕೊಡಿಸುತ್ತೇನೆ ಎಂದು ಪಟ್ಟು ಹಿಡಿದರು. ನಾನು 2024ರ ಡಿಸೆಂಬರ್ ಬಿಟ್ಟುಕೊಡಲಿಲ್ಲ. ಹಕ್ಕು ಮಾರದೆ ಕಮಿಷನ್ ಮೇಲೆ ನಾವೇ ಬಿಡುಗಡೆ ಮಾಡಿದೆವು. ಎರಡನೇ ವಾರಕ್ಕೆ ಪರದೆಗಳು ಕೈಬಿಟ್ಟವು. ಚಿತ್ರಮಂದಿರದಿಂದ ನಮ್ಮ ಪಾಲು 12 ಲಕ್ಷ ಬಂದಿರಬೇಕು. "ನೋಡಿದ್ರಾ?" ಎಂದವರು ಬಹಳ ಮಂದಿ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ನಿರ್ಮಾಣಕ್ಕೆ 70 ಲಕ್ಷ, ಪ್ರಚಾರಕ್ಕೆ 15. ಹೂಡಿಕೆದಾರರದ್ದು 60, ಉಳಿದದ್ದು ನಮ್ಮದು. ಸೆನ್ಸಾರ್ ನಂತರದ ಜಾಹೀರಾತು ಖರ್ಚು 9ಎ ವೆಚ್ಚದೊಳಗೆ ಬರುವುದಿಲ್ಲ, ಅದನ್ನು ಮೊದಲಿನಿಂದಲೇ ಬೇರೆ ಲೆಡ್ಜರ್‌ನಲ್ಲಿ ಬರೆಯಿರಿ. ಮೊದಲ ವರ್ಷ ಚಿತ್ರಮಂದಿರ, ಟಿವಿ ಹಕ್ಕು ಸೇರಿ 42 ಬಂತು. ಕೊರತೆ 43. ಜಾಹೀರಾತಿನ 30 ಲಕ್ಷ ಲಾಭವನ್ನು ಅದು ಪೂರ್ತಿ ನುಂಗಿತು, 13 ಮುಂದಿನ ವರ್ಷಕ್ಕೆ ಹೋಯಿತು. ಕಟ್ಟಬೇಕಿದ್ದ 9 ಲಕ್ಷ ಚಿಲ್ಲರೆ ತೆರಿಗೆ ಮಾರ್ಚ್‌ನಲ್ಲಿ ನಮ್ಮ ಖಾತೆಯಲ್ಲೇ ಇತ್ತು. ಇದು ಪುಕ್ಕಟೆ ದುಡ್ಡಲ್ಲ, ಮುಂದೆ ಚಿತ್ರ ದುಡಿದಾಗ ಹೆಚ್ಚಿನ ಪಾಲಿಗೆ ತೆರಿಗೆ ಕಟ್ಟಲೇಬೇಕು. ಆದರೆ ಸಣ್ಣ ಚಿತ್ರ ಸಾಯುವುದು ಬಿಡುಗಡೆಯ ನಂತರದ ಆರು ತಿಂಗಳಲ್ಲಿ, ಕೈ ಬರಿದಾಗಿ ಹಕ್ಕುಗಳನ್ನು ಸಿಕ್ಕ ಬೆಲೆಗೆ ಕೊಟ್ಟಾಗ. ಆ 9 ಲಕ್ಷವನ್ನು ಹೂಡಿಕೆದಾರರಿಗೆ ಮೊದಲ ಕಂತಾಗಿ ಕೊಟ್ಟೆ. ಅವರು ಸುಮ್ಮನಾದರು. ಡಬ್ಬಿಂಗ್ ಹಕ್ಕನ್ನು ಅವಸರಕ್ಕೆ ಮಾರಲಿಲ್ಲ, ಮರುವರ್ಷ ಅದೊಂದೇ 28 ತಂದಿತು. ಸರ್ಕಾರದ ಸಹಾಯಧನವನ್ನು ಯಾವ ಲೆಕ್ಕದಲ್ಲೂ ಹಿಡಿದಿರಲಿಲ್ಲ. ಬಂದರೆ ವೆಚ್ಚದಲ್ಲಿ ಕಳೆಯಬೇಕು ಇಲ್ಲವೇ ಆದಾಯಕ್ಕೆ ಸೇರಿಸಬೇಕು ಎಂಬುದು ನೆನಪಿರಲಿ.

ಒಪ್ಪಂದದಲ್ಲೇ ಇರುವುದು ಕಸುಬು. ಹೂಡಿಕೆದಾರರಿಗೆ ಸಿನಿಮಾ ಖಾತೆಯಲ್ಲಿ ಮಾತ್ರ ಪಾಲು, ಜಾಹೀರಾತಿನಲ್ಲಿ ಇಲ್ಲ. ನಷ್ಟ ಪೂರ್ತಿ ವಜಾ ಆಗುವ ತನಕ ಯಾರೂ ಹೊರಹೋಗುವಂತಿಲ್ಲ. ಪಾಲುದಾರ ನಿವೃತ್ತನಾದರೆ ಅವನ ಪಾಲಿನ ನಷ್ಟವನ್ನು ಆದಾಯ ತೆರಿಗೆ ಕಾಯ್ದೆಯ ಕಲಂ 78 ಮುಂದಕ್ಕೆ ಒಯ್ಯಲು ಬಿಡುವುದಿಲ್ಲ. ಮೇಲಿನ 10 ಪರ್ಸೆಂಟನ್ನು ಬಂಡವಾಳದ ಬಡ್ಡಿಯಾಗಿ ಕೊಟ್ಟೆವು, ವರ್ಷಕ್ಕೆ 12 ಪರ್ಸೆಂಟ್ ಮಿತಿಯೊಳಗೆ ಅದು ಎಲ್‌ಎಲ್‌ಪಿಗೆ ಖರ್ಚು. 2025ರ ಏಪ್ರಿಲ್‌ನಿಂದ ಅದಕ್ಕೂ 10 ಪರ್ಸೆಂಟ್ ಟಿಡಿಎಸ್ ಇದೆ. ಎರಡು ಖಾತೆಗಳ ಪಾಲನ್ನು ಜೋಡಿಸುವ ಒಂದು ಕಲಂ ಇದೆ, ನಮ್ಮ ವಕೀಲರು ನಾಲ್ಕು ಸಾರಿ ತಿದ್ದಿ ಬರೆದದ್ದು. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಕೆಲವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. ಬೇರೆ ವ್ಯವಹಾರದಲ್ಲಿ ಪಾಲುದಾರರಾಗಬಾರದು ಎಂದು ಅವರ ಕೆಲಸದ ಕರಾರಿನಲ್ಲಿತ್ತು. ಒಬ್ಬರು ಹೆಂಡತಿಗೆ ದುಡ್ಡು ಕೊಟ್ಟು ಅವರ ಹೆಸರಲ್ಲಿ ಹಾಕಲು ಹೊರಟಿದ್ದರು, ಹಾಗೆ ಮಾಡಿದರೆ ಅದರ ಆದಾಯ ಗಂಡನ ಲೆಕ್ಕಕ್ಕೇ ಸೇರುತ್ತದೆ. ತಾಯಿಗೆ ಕೊಟ್ಟರೆ ಆ ತೊಡಕಿಲ್ಲ, ಅವರ ತಾಯಿಯೇ ಪಾಲುದಾರರಾದರು. ಸಂಬಳದವರಿಗೆ ಮುಂಚೆಯೇ ಹೇಳಿಬಿಡಿ, ಪಾಲುದಾರರಾದ ಮೇಲೆ ಐಟಿಆರ್-3 (ವ್ಯವಹಾರದ ಆದಾಯ ಇರುವವರ ತೆರಿಗೆ ರಿಟರ್ನ್) ತುಂಬಬೇಕು. ಬಹಳ ಗೊಣಗಾಟ ಇದರದ್ದೇ.

ನಡುವೆ ಕ್ಯಾಮೆರಾ ಕೊಂಡೂ ನೋಡಿದೆವು, ಜಾಹೀರಾತಿಗೂ ಆಗುತ್ತದಲ್ಲ ಎಂದು. ಸವಕಳಿ 15 ಪರ್ಸೆಂಟ್, 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ. ಬಾಡಿಗೆಯಾದರೆ ಪೂರ್ತಿ ವೆಚ್ಚಕ್ಕೆ ಹೋಗುತ್ತದೆ. ಮಾರಿಬಿಟ್ಟೆವು.

ಶೂಟಿಂಗ್‌ನಲ್ಲಿ ಒಬ್ಬರಿಗೆ ದಿನಕ್ಕೆ 10 ಸಾವಿರ ಮೀರಿ ನಗದು ಕೊಡಲಿಲ್ಲ, ಮೀರಿದರೆ ಆ ಖರ್ಚು ಲೆಕ್ಕಕ್ಕೇ ಸಿಗುವುದಿಲ್ಲ. 50 ಸಾವಿರ ದಾಟಿ ಯಾರ್‍ಯಾರಿಗೆ ಕೊಟ್ಟೆವೋ ಎಲ್ಲವೂ ನಿರ್ಮಾಪಕರು ತೆರಿಗೆ ಇಲಾಖೆಗೆ ಕೊಡಬೇಕಾದ ಫಾರ್ಮ್ 52ಎಯಲ್ಲಿ ಹೋಯಿತು. ಮೇಲೆ ಹೇಳಿದ ತೆರಿಗೆಯ ಕಲಂ, ನಿಯಮ, ಫಾರ್ಮ್ ಸಂಖ್ಯೆಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಇರುವುದರಿಂದ ನಿಮ್ಮ ಆಡಿಟರ್ ಹತ್ತಿರ ಹೊಸ ಸಂಖ್ಯೆ ಹಾಕಿಸಿಕೊಳ್ಳಿ. ನಮ್ಮ ಸ್ವಂತ ದುಡ್ಡಿನಲ್ಲಿ ಹತ್ತು ಲಕ್ಷದಷ್ಟು ಇನ್ನೂ ಬರಬೇಕಿದೆ. ಒಟಿಟಿ ಹಕ್ಕು ನಮ್ಮ ಕೈಯಲ್ಲೇ ಇದೆ, ಮಾತುಕತೆ ನಡೆಯುತ್ತಿದೆ.