ಕಾರಿಲ್ಲದೆ, ಕೂಲಿಯೂ ಆಗದೆ ಮುಂಬೈ ಕ್ರೂಸ್ ಹಡಗು ಹತ್ತುವುದು ಹೇಗೆ?

ದಾದರ್ ಸ್ಟೇಷನ್ನಿನ ಮೇಲ್ಸೇತುವೆ. ಬೆಳಿಗ್ಗೆ ಎಂಟೂವರೆ. ನನ್ನ ಒಂದು ಕೈಯಲ್ಲಿ 28 ಇಂಚಿನ ಸೂಟ್‌ಕೇಸ್, ಇನ್ನೊಂದರಲ್ಲಿ ಚಕ್ಕುಲಿ ಡಬ್ಬಿಯ ಚೀಲ. ಅರ್ಧ ಮೆಟ್ಟಿಲು ಹತ್ತಿದ್ದೆವಷ್ಟೇ, ಸೂಟ್‌ಕೇಸಿನ ಒಂದು ಚಕ್ರ ಟಕ್ ಅಂತ ಕಳಚಿ, ಮೆಟ್ಟಿಲ ಮೇಲೆ ಕುಣಿಯುತ್ತಾ ಕೆಳಗೆ ಹೋಯಿತು. ಅದನ್ನು ಹೆಕ್ಕಲು ಬಗ್ಗುವ ಹಾಗೂ ಇರಲಿಲ್ಲ. ಆ ಹೊತ್ತಿಗೆ ಅಲ್ಲಿ ಬಗ್ಗಿದವರ ಮೇಲೆ ಮುಂಬೈ ಪೂರ್ತಿ ನಡೆದು ಹೋಗುತ್ತದೆ. ಜೇಬಿನಲ್ಲಿ ತಲಾ ಐದು ರೂಪಾಯಿಯ ಲೋಕಲ್ ಟಿಕೆಟ್ ಇತ್ತು. ಕೊನೆಗೆ ಟ್ಯಾಕ್ಸಿಗೆ ಇನ್ನೂರು ಚಿಲ್ಲರೆ ಕೊಟ್ಟೇ ಬಂದರು ಸೇರಿದೆವು. ಊರಿಗೆ ಬಂದ ಮೇಲೆ ಹೊಸ ಸೂಟ್‌ಕೇಸಿನ ಖರ್ಚು ಬೇರೆ.

ಆವತ್ತಿನಿಂದ ನನ್ನ ಲೆಕ್ಕ ಬದಲಾಗಿದೆ. ಪೆಟ್ಟಿಗೆ ತೆಪ್ಪಗೆ ಕೂತಿರುವ ಕಡೆ ದುಡ್ಡು ಉಳಿಸುತ್ತೇನೆ. ಪೆಟ್ಟಿಗೆ ಎತ್ತಬೇಕಾದ ಕಡೆ ಜೇಬು ಬಿಚ್ಚುತ್ತೇನೆ.

ನಮ್ಮ ಹೊಸ ಮಂಗಳೂರು ಬಂದರಿಗೂ ಕ್ರೂಸ್ ಹಡಗುಗಳು ಬರುತ್ತವೆ ನಿಜ. ಆದರೆ ಅವು ಹೆಚ್ಚಾಗಿ ವಿದೇಶಿಯರನ್ನು ಒಂದು ಹಗಲು ಇಳಿಸಿ, ಸಂಜೆಗೆ ಹತ್ತಿಸಿಕೊಂಡು ಹೋಗುವಂಥವು. ಗೋವಾ ಕಡೆಗೋ ಲಕ್ಷದ್ವೀಪಕ್ಕೋ ಹಡಗಿನಲ್ಲಿ ಹೋಗಬೇಕೆಂದರೆ ನಮ್ಮವರು ಸಾಮಾನ್ಯವಾಗಿ ಹಿಡಿಯುವ ದಾರಿ ಮುಂಬೈಯದು. ಅಲ್ಲಿ ಕ್ರೂಸ್ ಹಡಗು ನಿಲ್ಲುವ ಕಟ್ಟೆ ಬಲ್ಲಾರ್ಡ್ ಪಿಯರ್‌ಗೆ ಹೋಗುವುದನ್ನೇ ಇಲ್ಲಿ ನೋಡೋಣ.

ಮೊದಲು ಪೆಟ್ಟಿಗೆ, ಆಮೇಲೆ ಟಿಕೆಟ್

ಎಲ್ಲರೂ ಮೊದಲು ವಿಮಾನದ ದರ ನೋಡುತ್ತಾರೆ. ಒಮ್ಮೊಮ್ಮೆ ಅಗ್ಗಕ್ಕೂ ಸಿಗುತ್ತದೆ. ಆದರೆ ದೇಶದೊಳಗಿನ ಸಾಮಾನ್ಯ ಟಿಕೆಟಿಗೆ ಕೊಡುವುದು 15 ಕಿಲೋ, ಕೈಬ್ಯಾಗಿಗೆ 7 ಕಿಲೋ. ಕ್ರೂಸ್ ಅಂದಮೇಲೆ ರಾತ್ರಿ ಊಟಕ್ಕೊಂದು ಒಳ್ಳೆಯ ಸೀರೆ, ಈಜುಕೊಳಕ್ಕೊಂದು ಬಟ್ಟೆ, ಮಕ್ಕಳ ಶೂ... 15 ಕಿಲೋ ಎಲ್ಲಿ ಸಾಲುತ್ತದೆ? ರೈಲಿನಲ್ಲಿ ಸ್ಲೀಪರ್‌ಗೂ ಥರ್ಡ್ ಎಸಿಗೂ ತಲೆಗೆ 40 ಕಿಲೋ, ಸೆಕೆಂಡ್ ಎಸಿಗೆ 50 ಕಿಲೋ ಉಚಿತ. ಗಂಡ ಹೆಂಡತಿ ಇಬ್ಬರು ಥರ್ಡ್ ಎಸಿಯಲ್ಲಿ ಹೋದರೆ 80 ಕಿಲೋ ಆಯಿತು. ಹಾಗಂತ ಅಷ್ಟನ್ನೂ ತುಂಬಬೇಡಿ. ಅದನ್ನು ಎಳೆಯುವವರು ನೀವೇ.

ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಮಧ್ಯಮ ಗಾತ್ರದವು ವಾಸಿ. ದೊಡ್ಡ ಗಟ್ಟಿ ಸೂಟ್‌ಕೇಸನ್ನು ಬರ್ತ್ ಕೆಳಗೆ ತುರುಕುವುದು ಕಷ್ಟ. ನಡುದಾರಿಯಲ್ಲಿ ನಿಲ್ಲಿಸಿದರೆ ರಾತ್ರಿಯಿಡೀ ಟೀ ಮಾರುವವರ ಬೈಗುಳ. 24 ಇಂಚಿನದಾದರೆ ಮಲಗಿಸಿ ಒಳಗೆ ತಳ್ಳಬಹುದು. ಬರ್ತ್ ಅಡಿಯಲ್ಲಿ ಕಬ್ಬಿಣದ ಕೊಂಡಿ ಇರುತ್ತದೆ, ಅದಕ್ಕೆ ಚೈನು ಹಾಕಿ ಬೀಗ ಜಡಿಯಿರಿ. ಚೈನು ಮನೆಯಿಂದಲೇ ತನ್ನಿ. ಹೊರಡುವ ಮುಂಚೆ ಪೆಟ್ಟಿಗೆ ತುಂಬಿ, ಮನೆಯ ಮೆಟ್ಟಿಲನ್ನು ಒಮ್ಮೆ ಒಬ್ಬರೇ ಹತ್ತಿ ನೋಡಿ. ಏದುಸಿರು ಬಂದರೆ ಎರಡು ಜೊತೆ ಬಟ್ಟೆ ಹೊರಗೆ.

ರೈಲು ಯಾವ ಸ್ಟೇಷನ್‌ಗೆ ಹೋಗುತ್ತದೆ ಅನ್ನುವುದೇ ಮುಖ್ಯ

ಟಿಕೆಟ್ ಮೇಲೆ ಮುಂಬೈ ಅಂತ ಕಂಡರೆ ಸಾಲದು. ಯಾವ ಮುಂಬೈ? ನಮ್ಮ ಕಡೆಯ ರೈಲುಗಳು ಮೂರು ಕಡೆ ನಿಲ್ಲುತ್ತವೆ.

ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೆಯ ವಿ.ಟಿ., ಎಲ್ಲಕ್ಕಿಂತ ಒಳ್ಳೆಯದು. ಬಲ್ಲಾರ್ಡ್ ಪಿಯರ್ ಅಲ್ಲಿಂದ ಹೆಚ್ಚೆಂದರೆ ಎರಡು ಕಿಲೋಮೀಟರ್. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಅಲ್ಲಿ ಹಳಿಯೇ ಮುಗಿಯುತ್ತದೆ. ಪ್ಲಾಟ್‌ಫಾರ್ಮಿನ ತುದಿಗೆ ನಡೆದರೆ ಅಲ್ಲೇ ಹಾಲ್, ಅದರಾಚೆ ರಸ್ತೆ. ಮೇಲ್ಸೇತುವೆ ಹತ್ತುವ ಕೆಲಸವೇ ಇಲ್ಲ. ಬೆಂಗಳೂರಿನಿಂದ ರಾಯಚೂರು, ಯಾದಗಿರಿ, ಕಲಬುರಗಿ ಮೇಲೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿಗೇ ಬರುತ್ತದೆ. ಮಂಗಳೂರು ಜಂಕ್ಷನ್ನಿನಿಂದ ಕೊಂಕಣ ರೈಲ್ವೆ ಮೇಲೆ ಬರುವ ಸೂಪರ್‌ಫಾಸ್ಟ್ ಕೂಡ.

ದಾದರ್‌ಗೆ ಹೋಗುವವು ಶರಾವತಿ, ಚಾಲುಕ್ಯ ಎಕ್ಸ್‌ಪ್ರೆಸ್‌ಗಳು. ಇಲ್ಲಿಳಿದರೆ ಲೋಕಲ್ ಹತ್ತುವ ಆಸೆ ಬಿಡಿ, ಭಾನುವಾರ ಅಲ್ಲದಿದ್ದರೆ. ನೇರ ಟ್ಯಾಕ್ಸಿ ಹಿಡಿಯಿರಿ. ಇದು ಪೆಟ್ಟಿಗೆ ಎತ್ತಬೇಕಾದ ಜಾಗ.

ಮಂಗಳೂರಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ನಿಲ್ಲುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ. ಹತ್ತಿರದ ತಿಲಕ್ ನಗರ ಸ್ಟೇಷನ್ನಿನಿಂದ ಹಾರ್ಬರ್ ಲೈನಿನ ಲೋಕಲ್ ಸೀದಾ ಸಿಎಸ್‌ಎಂಟಿಗೆ ಬರುತ್ತದೆ. ಬೆಳ್ಳಂಬೆಳಿಗ್ಗೆ ಇಳಿದು, ಕೈಯಲ್ಲಿ ಸಣ್ಣ ಬ್ಯಾಗು ಮಾತ್ರ ಇದ್ದರೆ ಆಗಬಹುದು. ಏಳೂವರೆ ದಾಟಿದರೆ ನಾನಂತೂ ಹೋಗಲಾರೆ.

ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಕ್ರೂಸ್ ಟಿಕೆಟ್ ಕೈಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಲೋಯರ್ ಬರ್ತ್ ಒಂದಾದರೂ ಇರಲಿ, ಪೆಟ್ಟಿಗೆಯ ಮೇಲೊಂದು ಕಣ್ಣಿಡಬಹುದು. ಮನೆಯಿಂದ ಸ್ಟೇಷನ್ನಿಗೆ ನಮ್ಮ ಮೆಟ್ರೊದಲ್ಲಿ ಹೋಗುವವರು ಗಮನಿಸಿ: ಅಳತೆ ಮೀರಿದ ಪೆಟ್ಟಿಗೆಗೆ ಬೇರೆ ಟಿಕೆಟ್ ತೆಗೆಯಬೇಕಾಗುತ್ತದೆ. ಆದರೂ ಆಟೊಗಿಂತ ಕಮ್ಮಿಯೇ.

ಒಂದು ರಾತ್ರಿ ಮುಂಚೆ

ಇದರಲ್ಲಿ ಮಾತ್ರ ಜಿಪುಣತನ ಬೇಡ. ಹಡಗು ಬಿಡುವ ದಿನವೇ ಮುಂಬೈ ತಲುಪುವ ರೈಲು ಹಿಡಿಯಬೇಡಿ. ಹಡಗಿನ ಚೆಕ್‌ಇನ್ ಹೊರಡುವುದಕ್ಕೆ ಎಷ್ಟೋ ಹೊತ್ತು ಮುಂಚೆಯೇ ಮುಚ್ಚುತ್ತದೆ. ಬಸ್ಸಿನ ಹಾಗೆ ಕೈ ಬೀಸಿ ನಿಲ್ಲಿಸಲು ಆಗುವುದಿಲ್ಲ, ಅಲ್ವಾ? ಉದ್ಯಾನ್ ಅಂತೂ ರಾತ್ರಿ ಹತ್ತಿದರೆ ಮರುದಿನ ರಾತ್ರಿಯೇ ಇಳಿಸುವುದು. ಹಾಗಾಗಿ ತಂಗುವುದು ಹೇಗೂ ಇದ್ದೇ ಇದೆ.

ಅಗ್ಗದಲ್ಲಿ ತಂಗಲು ಮೊದಲು ಸ್ಟೇಷನ್ನಿನ ರಿಟೈರಿಂಗ್ ರೂಮ್ ನೋಡಿ. ಖಚಿತವಾದ ರೈಲು ಟಿಕೆಟಿನ ಪಿಎನ್‌ಆರ್ ಇದ್ದರೆ ಆನ್‌ಲೈನಿನಲ್ಲೇ ಕಾದಿರಿಸಬಹುದು. ಸಿಗಲಿಲ್ಲ ಅಂದರೆ ಫೋರ್ಟ್, ಮಸ್ಜಿದ್ ಬಂದರ್ ಕಡೆ ಸಾಧಾರಣ ಲಾಡ್ಜುಗಳಿವೆ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಲಿಫ್ಟ್ ಇದೆಯಾ?" ಆ ಭಾಗದ ಹಳೆಯ ಕಟ್ಟಡಗಳಲ್ಲಿ ಮೂರನೇ ಮಹಡಿ ಅಂದರೆ ಮರದ ಮೆಟ್ಟಿಲು.

ವಿಮಾನದಲ್ಲೇ ಬರುವವರಿಗೆ ಈಗ ಒಂದು ಒಳ್ಳೆಯ ದಾರಿಯಿದೆ. 2025ರ ಅಕ್ಟೋಬರಿನಲ್ಲಿ ಮುಂಬೈ ಮೆಟ್ರೊದ 3ನೇ ಮಾರ್ಗ ಪೂರ್ತಿ ಶುರುವಾಯಿತು. ನೆಲದಡಿಯಲ್ಲೇ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್ ಮುಟ್ಟಿ, ಸಿಎಸ್‌ಎಂಟಿ ದಾಟಿ ಕಫ್ ಪರೇಡಿನವರೆಗೆ ಹೋಗುತ್ತದೆ. ದರ 10ರಿಂದ 70 ರೂಪಾಯಿಯೊಳಗೆ. ಲಿಫ್ಟ್ ಇರುವುದರಿಂದ ಪೆಟ್ಟಿಗೆಗೂ ಕಷ್ಟವಿಲ್ಲ. ಏರ್‌ಪೋರ್ಟಿನಿಂದ ಟ್ಯಾಕ್ಸಿಗೆ ಸುರಿಯುತ್ತಿದ್ದ ದುಡ್ಡಿನಲ್ಲಿ ಇನ್ನೊಂದು ಊಟ ಮಾಡಬಹುದು.

ಕೊನೆಯ ಎರಡು ಕಿಲೋಮೀಟರ್

ಹಿಂದೆ ಈ ತಾಪತ್ರಯವೇ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಬಲ್ಲಾರ್ಡ್ ಪಿಯರ್‌ನಲ್ಲೇ ಒಂದು ರೈಲು ನಿಲ್ದಾಣವಿತ್ತು. ವಿಲಾಯಿತಿಯ ಹಡಗಿನಿಂದ ಇಳಿದವರು ಅಲ್ಲೇ ಫ್ರಾಂಟಿಯರ್ ಮೇಲ್ ಹತ್ತಿ ಪೇಶಾವರದ ದಾರಿ ಹಿಡಿಯುತ್ತಿದ್ದರು. ಈಗ ನಾವು ಟ್ಯಾಕ್ಸಿಯವನ ಮುಖ ನೋಡಬೇಕು.

ದಕ್ಷಿಣ ಮುಂಬೈಗೆ ಆಟೊ ಬಿಡುವುದಿಲ್ಲ, ಹುಡುಕುತ್ತಾ ನಿಲ್ಲಬೇಡಿ. ಕಪ್ಪು ಹಳದಿ ಟ್ಯಾಕ್ಸಿಗೆ 2025ರ ಫೆಬ್ರುವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ. ಮೀಟರ್ ಹಾಕಿದರೆ ಬಂದರಿಗೆ ಐವತ್ತರ ಆಸುಪಾಸು. ಆದರೆ ಇಷ್ಟು ಹತ್ತಿರಕ್ಕೆ ಬರಲು ಕೆಲವರು ಒಪ್ಪುವುದಿಲ್ಲ, ಇಲ್ಲವೇ ಇನ್ನೂರು ಕೇಳುತ್ತಾರೆ. ನೂರು ಅಂದರೆ ನಾನು ಕೊಟ್ಟುಬಿಡುತ್ತೇನೆ. ಮಧ್ಯರಾತ್ರಿಯಿಂದ ಬೆಳಿಗ್ಗೆ ಐದರವರೆಗೆ ಕಾಲು ಭಾಗ ಜಾಸ್ತಿ, ಅದು ನಿಯಮವೇ.

ಜಾಗದ ಹೆಸರು ಸರಿಯಾಗಿ ಹೇಳಿ. ಸುಮ್ನೆ "ಬೋಟ್" ಅಂದರೆ ಗೇಟ್‌ವೇ ಆಫ್ ಇಂಡಿಯಾಗೆ ಕರೆದುಕೊಂಡು ಹೋಗುತ್ತಾರೆ. ಅದು ಎಲಿಫೆಂಟಾ ಗುಹೆಗಳಿಗೆ ಹೋಗುವ ಲಾಂಚಿನ ಜಾಗ. "ಫೆರಿ" ಅಂದರೆ ಮಜಗಾಂವ್‌ನ ದೋಣಿಕಟ್ಟೆ ಭಾವೂಚಾ ಧಕ್ಕಾಗೆ. ಅಲ್ಲಿ ಮೀನಿನ ವಾಸನೆ ಬಿಟ್ಟರೆ ನಿಮಗೆ ಸಿಗುವುದೇನೂ ಇಲ್ಲ. "ಬಲ್ಲಾರ್ಡ್ ಪಿಯರ್, ಕ್ರೂಸ್ ಟರ್ಮಿನಲ್" ಅನ್ನಿ. ಹಡಗಿನ ಟಿಕೆಟಿನಲ್ಲಿ ಯಾವ ಗೇಟು ಅಂತ ಬರೆದಿದ್ದರೆ ಅದನ್ನೇ ತೋರಿಸಿ. ನಡೆದು ಹೋಗೋಣ ಅನ್ನುವವರು ಹಿಂದಿನ ಸಂಜೆ ಕೈ ಬೀಸಿಕೊಂಡು ಒಮ್ಮೆ ಹೋಗಿ ಬನ್ನಿ. ಬಲ್ಲಾರ್ಡ್ ಎಸ್ಟೇಟಿನ ಕಲ್ಲಿನ ಕಟ್ಟಡಗಳ ನಡುವೆ ಅದು ಚೆಂದದ ನಡಿಗೆ. ಫುಟ್‌ಪಾತ್ ಹೇಗಿದೆ, ಚಕ್ರ ಉರುಳುತ್ತದೋ ಇಲ್ಲವೋ ಅದೂ ಗೊತ್ತಾಗುತ್ತದೆ.

ಟರ್ಮಿನಲ್ಲಿನಲ್ಲಿ ಪೆಟ್ಟಿಗೆಗೆ ಚೀಟಿ ಕಟ್ಟಿ ತೆಗೆದುಕೊಂಡು ಹೋಗುತ್ತಾರೆ. ಅದು ನಿಮ್ಮ ಕೋಣೆಗೆ ಬರುವಷ್ಟರಲ್ಲಿ ಕೆಲವು ಗಂಟೆಗಳೇ ಆಗಬಹುದು. ಗುರುತಿನ ಚೀಟಿ, ಬಿ.ಪಿ. ಮಾತ್ರೆ, ಚಾರ್ಜರ್, ಮಗುವಿನ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಮನೆಯಲ್ಲೇ ಬಿಟ್ಟು ಬನ್ನಿ. ಬೆಂಕಿಯ ಭಯಕ್ಕೆ ಹಡಗಿನಲ್ಲಿ ಅವನ್ನು ಬಿಡುವುದಿಲ್ಲ.

ಬರುವಾಗ

ಹಡಗು ಸಾಮಾನ್ಯವಾಗಿ ಬೆಳಿಗ್ಗೆ ವಾಪಸ್ ಬರುತ್ತದೆ. ಬೆಂಗಳೂರಿಗೆ ಹೊರಡುವ ಉದ್ಯಾನ್ ಸಿಎಸ್‌ಎಂಟಿ ಬಿಡುವುದೂ ಬೆಳಿಗ್ಗೆ ಎಂಟರ ಸುಮಾರಿಗೆ. ಎರಡನ್ನೂ ಒಂದೇ ದಿನ ಜೋಡಿಸಲು ಹೋಗಬೇಡಿ, ರೈಲಿನ ಬಾಲ ನೋಡಬೇಕಾಗುತ್ತದೆ. ಮಂಗಳೂರು, ಹುಬ್ಬಳ್ಳಿ ಕಡೆಯವರಿಗೆ ರಾತ್ರಿ ಹೊರಡುವ ರೈಲುಗಳಿವೆ. ಬೆಂಗಳೂರಿನವರೂ ಹುಬ್ಬಳ್ಳಿ ಮೇಲೆ ಹೋಗುವ ರಾತ್ರಿ ರೈಲು ನೋಡಿಕೊಳ್ಳಬಹುದು.

ಹಗಲು ಪೂರ್ತಿ ಪೆಟ್ಟಿಗೆ ಏನು ಮಾಡುವುದು? ಸಿಎಸ್‌ಎಂಟಿಯ ಕ್ಲೋಕ್ ರೂಮಿನಲ್ಲಿ ಬಿಡಿ. ರೈಲು ಟಿಕೆಟ್ ತೋರಿಸಬೇಕು, ಪ್ರತಿ ಪೆಟ್ಟಿಗೆಗೂ ಬೀಗ ಇರಬೇಕು. ಬೀಗವಿಲ್ಲದ ಬ್ಯಾಗನ್ನು ತೆಗೆದುಕೊಳ್ಳುವುದಿಲ್ಲ. ರೈಲಿನಲ್ಲಿ ಚೈನಿಗೆ ಹಾಕಿದ್ದ ಬೀಗ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಅಲ್ಲಿ ಕೊಡುವ ರಸೀದಿಯ ಫೋಟೊ ತೆಗೆದಿಟ್ಟುಕೊಂಡು, ಊಟಕ್ಕೆ ನಡೆಯಿರಿ.