ಪ್ಯಾರಿಸ್ಸಿನ ಪುಟ್ಟ ಹೋಟೆಲಿನಲ್ಲಿ ಒಳ್ಳೆಯ ರೂಮು ಹಿಡಿಯುವ ಬಗೆ

ಪ್ಯಾರಿಸ್ಸಿನಲ್ಲಿ ಬೊಟಿಕ್ ಹೋಟೆಲ್ ಎಂದು ಕರೆಸಿಕೊಳ್ಳುವ ಎಷ್ಟೋ ಜಾಗಗಳು ಹಳೆಯ ವಸತಿ ಕಟ್ಟಡಗಳೊಳಗೆ ಇವೆ. ಇಪ್ಪತ್ತೋ ಮೂವತ್ತೋ ರೂಮು, ಒಂದರಂತೆ ಇನ್ನೊಂದಿಲ್ಲ. ಒಂದೇ ಬಾಡಿಗೆಗೆ ಒಬ್ಬರಿಗೆ ಉದ್ದನೆಯ ಕಿಟಕಿಯ ಎರಡನೇ ಮಹಡಿ ಸಿಕ್ಕರೆ, ಇನ್ನೊಬ್ಬರಿಗೆ ಎದ್ದು ನಿಂತರೆ ತಲೆ ತಾಗುವ ಇಳಿಜಾರು ಸೂರಿನ ಮೂಲೆ. ಹಾಗಾಗಿ ನಾನು ಹೋಟೆಲನ್ನು ಆರಿಸುವುದಕ್ಕಿಂತ ಹೆಚ್ಚು ಹೊತ್ತು ರೂಮನ್ನು ಆರಿಸುವುದಕ್ಕೆ ಕಳೆಯುತ್ತೇನೆ.

ಜಾಗ ಪತ್ತೆ ಮಾಡುವುದು ಸುಲಭ. ಊರು 20 ವಾರ್ಡುಗಳಾಗಿದೆ, ನಡುವಿನಿಂದ ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು ಹೋಗುತ್ತವೆ. ವಿಳಾಸದ ಪಿನ್ ಕೋಡಿನ ಕೊನೆಯ ಎರಡು ಅಂಕಿಯೇ ವಾರ್ಡು: 75004 ಅಂದರೆ ನಾಲ್ಕನೆಯದು, ಮಾರೇ ಎಂಬ ಬಡಾವಣೆಯ ಕಡೆ, 75006 ಅಂದರೆ ಸೇಂಟ್ ಜರ್ಮೇನ್. ಜಾಹೀರಾತಿನಲ್ಲಿ 'ಊರಿನ ಹೃದಯಭಾಗ' ಎಂದು ಏನೇ ಬರೆದಿರಲಿ, ಮೊದಲು ಈ ಅಂಕಿ ನೋಡಿ.

ಆಮೇಲೆ ಅಳತೆ. ಫ್ರಾನ್ಸಿನ ಸ್ಟಾರ್ ಪದ್ಧತಿಯಲ್ಲಿ ಇಬ್ಬರ ರೂಮಿಗೆ ಕನಿಷ್ಠ ಅಳತೆ ಗೊತ್ತುಮಾಡಿದ್ದಾರೆ: ಮೂರು ಸ್ಟಾರಿಗೆ 13.5 ಚದರ ಮೀಟರ್, ನಾಲ್ಕಕ್ಕೆ 16, ಐದಕ್ಕೆ 24. ಬಾತ್‌ರೂಮೂ ಇದರಲ್ಲೇ ಸೇರಿದೆ. 16 ಚದರ ಮೀಟರ್ ಎಂದರೆ ಸುಮಾರು 172 ಚದರ ಅಡಿ. ಎರಡು ದೊಡ್ಡ ಸೂಟ್‌ಕೇಸನ್ನು ಒಟ್ಟಿಗೆ ನೆಲದ ಮೇಲೆ ಬಿಚ್ಚಿಟ್ಟರೆ ಓಡಾಡಲು ಜಾಗವಿಲ್ಲ. ಒಂದು ವಾರ ಇರುವುದಾದರೆ 18ಕ್ಕಿಂತ ಕೆಳಗೆ ಇಳಿಯಬೇಡಿ. ಅಳತೆ ಬರೆಯದೆ ಬರೀ 'ಕೋಝಿ' ಅಂದಿದ್ದರೆ ಅದು ಚಿಕ್ಕದು ಅಂತಲೇ ಲೆಕ್ಕ.

ಬುಕ್ ಮಾಡುವ ಮುಂಚೆ ಹೋಟೆಲಿಗೆ ನೇರವಾಗಿ ಒಂದು ಇಮೇಲ್ ಹಾಕಿ. ಸಣ್ಣ ಹೋಟೆಲಿನಲ್ಲಿ ಅದನ್ನು ಓದುವುದು ಸಾಮಾನ್ಯವಾಗಿ ರಿಸೆಪ್ಷನ್ನಿನಲ್ಲಿ ಕೂತವರೇ, ರೂಮು ಹಂಚುವುದೂ ಅವರೇ. ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು ಸಾಕು: ರೂಮು ಬೀದಿಯ ಕಡೆಗೋ, ಒಳ ಅಂಗಳದ ಕಡೆಗೋ? ಯಾವ ಮಹಡಿ, ಲಿಫ್ಟು ಅಲ್ಲಿವರೆಗೂ ಹೋಗುತ್ತದೆಯೋ? ಮಂಚ ಎಷ್ಟು ಅಗಲ? ಎಸಿಯನ್ನು ರೂಮಿನಲ್ಲೇ ಹಾಕಿ ಆರಿಸಬಹುದೋ? ಕೆಟಲ್ ಇದೆಯೋ?

ಪ್ರತಿ ಪ್ರಶ್ನೆಗೂ ಕಾರಣ ಇದೆ. ಬೀದಿಯ ಕಡೆಯ ರೂಮಿಗೆ ಬೆಳಕು ಹೆಚ್ಚು, ಜೊತೆಗೆ ಕೆಳಗಿನ ಬಾರಿನ ಗದ್ದಲವೂ ಹೆಚ್ಚು. ಬೆಳಗಿನ ಜಾವದ ಕಸದ ಲಾರಿ ಬೇರೆ. ಅಂಗಳದ ಕಡೆ ನಿಶ್ಶಬ್ದ, ಆದರೆ ಕೆಳಮಹಡಿಯಾದರೆ ಹಗಲಲ್ಲೂ ದೀಪ ಹಾಕಬೇಕು. ನನ್ನ ಆಯ್ಕೆ ಅಂಗಳದ ಕಡೆಯ ಮೂರು ಅಥವಾ ನಾಲ್ಕನೇ ಮಹಡಿ. ತೀರಾ ಮೇಲಿನದು ಫೋಟೋದಲ್ಲಿ ಚೆಂದ. ಅಲ್ಲಿ ಹಿಂದೆ ಕೆಲಸದವರು ಮಲಗುತ್ತಿದ್ದರು, ಮೇಲೆ ಸತುವಿನ ತಗಡಿನ ಸೂರು. ಜುಲೈ, ಆಗಸ್ಟಿನಲ್ಲಿ ಎಸಿ ಇಲ್ಲದೆ ಅಲ್ಲಿ ಮಲಗುವುದು ಕಷ್ಟ. ಮಂಚದ ಅಗಲ 140 ಸೆಂಟಿಮೀಟರ್ ಅಂದರೆ ಇಬ್ಬರಿಗೆ ಇಕ್ಕಟ್ಟು, 160 ಪರವಾಗಿಲ್ಲ, 180 ಅಂದರೆ ಬಹಳ ಕಡೆ ತೊಂಬತ್ತರ ಎರಡು ಹಾಸಿಗೆ ಜೋಡಿಸಿದ್ದು. ಮಗು ಜೊತೆಗಿದ್ದರೆ ವಯಸ್ಸು ಮೊದಲೇ ತಿಳಿಸಿ. ನಮ್ಮಲ್ಲಿ ಒಂದು ಎಕ್ಸ್‌ಟ್ರಾ ಬೆಡ್ ಹಾಕಿಸಿಕೊಂಡು ಸುಧಾರಿಸುವಂತೆ ಅಲ್ಲಿ ಬಹಳ ಕಡೆ ಆಗುವುದಿಲ್ಲ, ಇಬ್ಬರ ರೂಮು ಎಂದರೆ ಇಬ್ಬರಿಗೇ.

ಉತ್ತರ ಬಂದ ಮೇಲೆ ಹೋಟೆಲಿನ ಸ್ವಂತ ದರವನ್ನು ಬುಕಿಂಗ್ ಸೈಟಿನ ದರದ ಜೊತೆ ಹೋಲಿಸಿ. ನೇರವಾಗಿ ಮಾಡಿದರೆ ತಿಂಡಿಯನ್ನಾದರೂ ಸೇರಿಸಿ ಕೊಡುವುದುಂಟು. ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ದರವನ್ನೇ ಹಿಡಿಯಿರಿ. ವೀಸಾ ಅರ್ಜಿಗೆ ಬುಕಿಂಗಿನ ಕಾಗದ ಬೇಕು, ಅದರಲ್ಲಿ ಪ್ರಯಾಣಿಸುವ ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ತೋರಿಸಿದ ಬಾಡಿಗೆಯ ಮೇಲೆ ತಲೆಗಿಷ್ಟು ರಾತ್ರಿಗಿಷ್ಟು ಎಂದು ಪ್ರವಾಸಿ ತೆರಿಗೆ ಬೀಳುತ್ತದೆ. 2024ರ ಜನವರಿಯಿಂದ ಅದು ಬಹಳ ಏರಿದೆ. ನಾಲ್ಕು ಸ್ಟಾರಿನಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಎಂಟು ಯೂರೋ ದಾಟುತ್ತದೆ. ಕಾರ್ಡು ಉಜ್ಜುವಾಗ ಮೆಷಿನ್ನು ರೂಪಾಯಿಯೋ ಯೂರೋವೋ ಎಂದು ಕೇಳಿದರೆ ಯೂರೋ ಒತ್ತಿ, ರೂಪಾಯಿಯ ದರ ದುಬಾರಿ. ಹೋಟೆಲಿನವರು ಮುಂಗಡವಾಗಿ ತಡೆಹಿಡಿಯುವ ಮೊತ್ತಕ್ಕೆ ಕ್ರೆಡಿಟ್ ಕಾರ್ಡ್ ಕೊಡಿ. ಮೊದಲೇ ವಿದೇಶಿ ಹಣ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡಿನಲ್ಲಿ ತಡೆಹಿಡಿದ ದುಡ್ಡು ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯಬಹುದು, ಅಷ್ಟರಲ್ಲಿ ಖರ್ಚಿಗೆ ಕೈ ಕಟ್ಟಿದಂತೆ.

ಭಾರತದಿಂದ ಬೆಳಿಗ್ಗೆ ಇಳಿಯುವ ವಿಮಾನದಲ್ಲಿ ಬಂದರೆ ರೂಮು ಮಧ್ಯಾಹ್ನ ಮೂರರವರೆಗೆ ಸಿಗದಿರಬಹುದು. ಸಾಮಾನು ಇಟ್ಟುಕೊಳ್ಳುತ್ತಾರೆ, ಸ್ನಾನಕ್ಕೆ ಅನುಕೂಲ ಇರುವುದಿಲ್ಲ. ಬದಲಿಸುವ ಬಟ್ಟೆ ಕೈಚೀಲದಲ್ಲಿರಲಿ. ಮೆಟ್ರೋದಲ್ಲಿ 1998ರಲ್ಲಿ ಶುರುವಾದ 14ನೇ ಮಾರ್ಗದ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಹಳೆಯವುಗಳಲ್ಲಿ ಬಹುಪಾಲು ಮೆಟ್ಟಿಲೇ. ಭಾರವಿದ್ದರೆ ಚಾರ್ಲ್ಸ್ ದ ಗಾಲ್ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಹಿಡಿಯಿರಿ, ಊರೊಳಕ್ಕೆ ನಿಗದಿತ ದರವಿದೆ. ಸೇನ್ ನದಿಯ ದಕ್ಷಿಣ ದಡಕ್ಕೆ ಸ್ವಲ್ಪ ಜಾಸ್ತಿ. ಹೋಟೆಲಿನ ಲಿಫ್ಟನ್ನು ಎಷ್ಟೋ ಕಡೆ ಮೆಟ್ಟಿಲ ಸುರುಳಿಯ ನಡುವೆ ತುರುಕಿರುತ್ತಾರೆ, ಒಬ್ಬರು ಮತ್ತು ಒಂದು ಸೂಟ್‌ಕೇಸ್ ಹಿಡಿದರೆ ಹೆಚ್ಚು. ಒಳಗೆ ಕಾಲಿಟ್ಟ ಕೂಡಲೇ 'ಬೊಂಜೂರ್' (ನಮಸ್ಕಾರ) ಹೇಳಿ, ಆಮೇಲೆ ಮಾತು. ಹೇಳದೆ ನೇರ ವಿಷಯಕ್ಕೆ ಬಂದರೆ ಒರಟುತನ ಎಂದೇ ತಿಳಿಯುತ್ತಾರೆ.

ರೂಮು ತೋರಿಸಿದ ಮೇಲೆ ಸೂಟ್‌ಕೇಸು ಬಿಚ್ಚಬೇಡಿ, ಮಂಚದ ಮೇಲೆ ಕೂರಲೂ ಬೇಡಿ. ಷವರನ್ನು ಬಿಸಿ ಕಡೆ ತಿರುಗಿಸಿ ಎರಡು ನಿಮಿಷ ಬಿಡಿ. ನೀರು ಎಷ್ಟು ಬೇಗ ಬಿಸಿಯಾಗುತ್ತದೆ, ಚರಂಡಿಗೆ ಸರಾಗ ಇಳಿಯುತ್ತದೆಯೋ ಇಲ್ಲವೋ ಎರಡೂ ತಿಳಿಯುತ್ತದೆ. ಕಿಟಕಿ ಗಟ್ಟಿಯಾಗಿ ಮುಚ್ಚಿ ಹೊರಗಿನ ಸದ್ದು ಕೇಳಿ. ಎಸಿ ಹಾಕಿ. ಗೋಡೆಯ ಆಚೆ ಲಿಫ್ಟಿನ ಗುಂಯ್ ಸದ್ದು ಇದೆಯೇ ನೋಡಿ. ಸರಿಯಿಲ್ಲದಿದ್ದರೆ ಆ ಕ್ಷಣವೇ ಕೆಳಗೆ ಹೋಗಿ ಕೇಳಿ. ಹಾಸಿಗೆ ಮುಟ್ಟದ ರೂಮನ್ನು ಬದಲಿಸಿಕೊಡುವುದು ಅವರಿಗೆ ಸುಲಭ, ಒಂದು ರಾತ್ರಿ ಮಲಗಿದ ಮೇಲೆ ಅದೇ ಮಾತು ತಕರಾರಾಗುತ್ತದೆ. ಇನ್ನೊಂದು: ಎಷ್ಟೋ ಬಾತ್‌ಟಬ್ಬುಗಳಿಗೆ ನೀರು ತಡೆಯಲು ಅರ್ಧ ಗಾಜು ಮಾತ್ರ. ಬಕೆಟ್ಟು, ಮಗ್ಗು ಸಿಗುವುದಿಲ್ಲ, ನೆಲದಲ್ಲಿ ಮೋರಿ ಇರುವುದಿಲ್ಲ. ನೀರು ಹೊರಗೆ ಚೆಲ್ಲಿದರೆ ಕೆಳಗಿನ ರೂಮಿನ ಸೂರು ಒದ್ದೆ. ನಮ್ಮ ಮೂರು ಪಿನ್ನಿನ ಪ್ಲಗ್ಗು ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ವೋಲ್ಟೇಜ್ ಮಾತ್ರ ನಮ್ಮದೇ 230.

ಬೆಳಗಿನ ತಿಂಡಿಯನ್ನು ಕಲ್ಲಿನ ಕಮಾನಿನ ನೆಲಮಾಳಿಗೆಯಲ್ಲಿ ಬಡಿಸುವ ಹೋಟೆಲುಗಳಿವೆ. ನೋಡಲು ಸೊಗಸು, ಮೊದಲ ದಿನ ಅಲ್ಲೇ ತಿನ್ನಿ. ಶುದ್ಧ ಸಸ್ಯಾಹಾರಿಗಳು ಕೇಳಿ ತಿನ್ನಬೇಕಾದ್ದು ಕ್ರೋಸಾಂ, ಮೇಲಿನ ಹೊಳಪಿಗೆ ಮೊಟ್ಟೆ ಸವರುತ್ತಾರೆ. ಹಳೇ ಪದ್ಧತಿಯ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಜಠರದ ರೆನೆಟ್ಟಿನಿಂದ. ಬಾಗೆಟ್ ಬ್ರೆಡ್ಡು, ಬೆಣ್ಣೆ, ಜಾಮ್, ಹಣ್ಣಿಗೆ ತೊಂದರೆಯಿಲ್ಲ. ಎರಡನೇ ದಿನದಿಂದ ತಿಂಡಿ ಸೇರದ ದರವೇ ಲಾಭ: ಬೀದಿ ಮೂಲೆಯ ಬೇಕರಿಯಲ್ಲಿ ಅದೇ ತಿಂಡಿ ಬಹಳ ಕಡಿಮೆಗೆ ಸಿಗುತ್ತದೆ. ಇಡ್ಲಿ, ದೋಸೆ ಬೇಕೆನಿಸಿದರೆ ಉತ್ತರ ರೈಲು ನಿಲ್ದಾಣದ (ಗಾರ್ ದು ನೋರ್) ಹಿಂದಿನ ಲಾ ಶಾಪೆಲ್ ಕಡೆ ಹೋಗಿ. ಶ್ರೀಲಂಕಾ ತಮಿಳರ ಅಂಗಡಿ, ಹೋಟೆಲುಗಳು ಅಲ್ಲಿ ಸಾಲಾಗಿವೆ.