ಬಹಳ ವರ್ಷದ ಮೇಲೆ ಊರಿಗೆ ಬರುತ್ತಿದ್ದೀರಾ? ಟಿಕೆಟ್ ತೆಗೆಸುವುದರಿಂದ ತಿರುಗಿ ಹೊರಡುವ ತನಕ ಹೀಗೆ ಮಾಡಿ

ಸಂಕ್ರಾಂತಿಗೆ ಬರುತ್ತೇನೆ ಅಂತ ಪರದೇಶದಿಂದ ಫೋನ್ ಬಂದರೆ ಸಾಕು, ವಿಜಯಪುರದ ನಮ್ಮ ಓಣಿಯಲ್ಲಿ ಆ ಮನೆಗೆ ಹೊಸ ಬಣ್ಣ ಬೀಳುತ್ತದೆ. ಐದಾರು ವರ್ಷದ ಮೇಲೆ ಮಗನೋ ಮಗಳೋ ಬರುತ್ತಾರೆ. ಹದಿನೈದು ದಿನ ಇದ್ದು ಹೋಗುತ್ತಾರೆ. ಅವರು ಹೋದ ಮೇಲೆ ಓಣಿಯಲ್ಲಿ ಒಂದು ಮಾತು ಉಳಿಯುತ್ತದೆ: "ಬಂದಿದ್ದನಂತ, ಆದ್ರ ನಮ್ಮನಿಗೆ ಬರಲಿಲ್ಲ."

ನಮ್ಮ ಮನೆತನದಲ್ಲೇ ಇದನ್ನು ನಾಲ್ಕೈದು ಸಲ ನೋಡಿದ್ದೇನೆ. ಬಂದವರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಗೊತ್ತಾಗಿರಲಿಲ್ಲ, ಅಷ್ಟೇ.

1. ತಾರೀಖು ಹಿಡಿಯಿರಿ

ಸಂಕ್ರಾಂತಿ ಜನವರಿ 14 ಇಲ್ಲವೇ 15ಕ್ಕೆ. ಸಿದ್ಧೇಶ್ವರ ಜಾತ್ರೆಯೂ ಆಗಲೇ. ಕ್ರಿಸ್‌ಮಸ್ ರಜೆಗೆ ಬಂದು ಹೊಸ ವರ್ಷಕ್ಕೆ ತಿರುಗಿ ಹೋಗುವವರಿಗೆ ಇವೆರಡೂ ತಪ್ಪುತ್ತವೆ. ಎರಡು ವಾರ ಮುಂದೆ ಹಾಕಲು ಆಗುವುದಾದರೆ ಹಾಕಿ. ಆಗದಿದ್ದರೆ ಕ್ಯಾಲೆಂಡರಿನಲ್ಲಿ ಎಳ್ಳ ಅಮಾವಾಸ್ಯೆ ಯಾವತ್ತು ಅಂತ ನೋಡಿ, ಅದನ್ನಾದರೂ ಹಿಡಿಯಿರಿ. ನನ್ನನ್ನು ಕೇಳಿದರೆ ಅದೇ ಒಳ್ಳೆಯದು. ಜಾತ್ರೆಯ ಗದ್ದಲದಲ್ಲಿ ಯಾರೂ ಕೈಗೆ ಸಿಗುವುದಿಲ್ಲ. ಎಳ್ಳ ಅಮಾವಾಸ್ಯೆ ದಿನ ಎಲ್ಲರೂ ಹೊಲದಲ್ಲೇ ಇರುತ್ತಾರೆ. ಚರಗ ಚೆಲ್ಲಿ (ಭೂಮಿತಾಯಿಗೆ ಅಂತ ಹೊಲದ ತುಂಬ ಎಡೆ ಚೆಲ್ಲಿ), ಬಿಳಿ ಜೋಳದ ನಡುವೆ ಕೂತು ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಲೆ ಉಣ್ಣುವಾಗ ಮಾತು ತಾನಾಗಿ ಬರುತ್ತದೆ.

2. ಟಿಕೆಟ್

ಹುಬ್ಬಳ್ಳಿಗೋ ಬೆಳಗಾವಿಗೋ ವಿಮಾನದಲ್ಲಿ ಬಂದರೆ ಅಲ್ಲಿಂದ ವಿಜಯಪುರ ಸುಮಾರು 200 ಕಿ.ಮೀ. ನಾನು ರೈಲನ್ನೇ ಹೇಳುತ್ತೇನೆ. ಬೆಂಗಳೂರಿನಿಂದ ಗದಗ, ಬಾಗಲಕೋಟೆ ಮೇಲೆ ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ. ಆಲಮಟ್ಟಿ ಹತ್ತಿರ ಗಾಡಿ ಕೃಷ್ಣಾ ಹೊಳೆ ದಾಟುವಾಗ ಎದ್ದು ಬಾಗಿಲ ಹತ್ತಿರ ಬನ್ನಿ. ಮೊದಲು 120 ದಿನ ಮುಂಚೆ ಸೀಟು ಸಿಗುತ್ತಿತ್ತು. 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದಿದೆ. ಹಬ್ಬದ ಸೀಟು ಬೇಗ ತುಂಬುತ್ತದೆ, ಬುಕಿಂಗ್ ಶುರುವಾಗುವ ಆ ದಿನ ತಪ್ಪಿಸಬೇಡಿ.

ಇನ್ನೊಂದು ಮಾತು. ಊರಿನ ಹೆಸರು 2014ರ ನವೆಂಬರ್ 1ರಿಂದ ವಿಜಯಪುರ. ಹಳೆ ರೂಢಿಯಲ್ಲಿ ಬಿಜಾಪುರ ಅಂತ ಹುಡುಕಿದರೆ ಛತ್ತೀಸಗಡದ ಬಿಜಾಪುರವೂ ಬರುತ್ತದೆ. ಪಾರ್ಸೆಲ್ ಕಳಿಸುವವರು ಪಿನ್‌ಕೋಡ್ ಸರಿಯಾಗಿ ಬರೆಯಿರಿ.

3. ಹಳೆ ನೋಟು, ಹಳೆ ಸಿಮ್

ಕಪಾಟಿನಲ್ಲಿ ಇಟ್ಟುಕೊಂಡ 2000 ರೂಪಾಯಿ ನೋಟನ್ನು ಈಗ ಊರಿನ ಬ್ಯಾಂಕಿನಲ್ಲಿ ಬದಲಿಸಿ ಕೊಡುವುದಿಲ್ಲ, ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಗೆ ಹೋಗಬೇಕು, ಇಲ್ಲವೇ ಅಂಚೆಯಲ್ಲಿ ಕಳಿಸಬೇಕು. ವರ್ಷಗಟ್ಟಲೆ ಬಳಸದ ಸಿಮ್ ಬಂದ್ ಆಗಿರುತ್ತದೆ. ಬಂದ ದಿನವೇ ಹೊಸದು ಮಾಡಿಸಿ.

4. ಪೆಟ್ಟಿಗೆಯಲ್ಲಿ ಏನು?

ಚಾಕ್ಲೇಟ್ ಮಕ್ಕಳಿಗೆ ಸಾಕು. ದೊಡ್ಡವರಿಗೆ ಸೆಂಟ್ ಬಾಟಲಿ ತರಬೇಡಿ. ನಮ್ಮ ದೊಡ್ಡವ್ವನ ಟ್ರಂಕಿನಲ್ಲಿ ಮುಚ್ಚಳ ತೆಗೆಯದ ಬಾಟಲಿ ಮೂರಿವೆ. ಆ ದುಡ್ಡಿಗೆ ಇಲ್ಲಿಯೇ ಒಂದು ಇಲಕಲ್ ಸೀರೆ ಕೊಳ್ಳಿ, ಕುಪ್ಪಸಕ್ಕೆ ಒಂದು ಗುಳೇದಗುಡ್ಡದ ಖಣ ಕೊಳ್ಳಿ. ಆದರೆ ನೋಡಿ ಕೊಳ್ಳಿ. ಇಲಕಲ್ ಅಂತ ಹೇಳಿ ಪಾಲಿಸ್ಟರ್ ಸೀರೆ ಮಾರುವವರು ಬಹಳ ಇದ್ದಾರೆ. ಕೈಮಗ್ಗದ ಇಲಕಲ್‌ನಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೆರಗು ಶುರುವಾಗುವ ಕಡೆ ಸೀರೆ ತಿರುವಿ, ಬೆರಳಿನಿಂದ ಮುಟ್ಟಿ ನೋಡಿ. ಆ ಜೋಡಣೆ ಕೈಗೆ ಸಿಗುತ್ತದೆ. ಎಲ್ಲಾ ಕಡೆ ಒಂದೇ ಸಮ ಸವರಿದಂತೆ ಇದ್ದರೆ ಆ ಅಂಗಡಿಯಿಂದ ಎದ್ದು ಬನ್ನಿ.

5. ಮಾತಾಡಿಸಿ ಬರುವುದು

ಬಂದವರು ತಪ್ಪುವುದು ಇಲ್ಲಿಯೇ. ನೀವಿಲ್ಲದ ವರ್ಷಗಳಲ್ಲಿ ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಗೆ ಮೊದಲು ಹೋಗಿ. ಗೆಳೆಯರು ಆಮೇಲೆ. ಗೋಲಗುಂಬಜ್ ಆಮೇಲೆ. ಜಾತ್ರೆಯೂ ಆಮೇಲೆ.

ಸತ್ತವರ ಮನೆಗೆ ಹೋಗುವುದಕ್ಕೆ ನಮ್ಮ ಕಡೆ 'ಮಾತಾಡಿಸಿ ಬರೋದು' ಅನ್ನುತ್ತಾರೆ. ದಿನಕರ್ಮ ಮುಗಿದರೂ, ವರ್ಷ ಕಳೆದರೂ, ನೀವು ಬಂದು ಕೂತು ಮಾತಾಡಿಸುವ ತನಕ ಅದು ಬಾಕಿಯೇ. ಕೊರೊನಾ ಬಂದು 2020ರ ಮಾರ್ಚ್ 23ಕ್ಕೆ ನಿಂತ ಪರದೇಶದ ವಿಮಾನಗಳು ಮೊದಲಿನಂತೆ ಹಾರಿದ್ದು 2022ರ ಮಾರ್ಚ್ 27ಕ್ಕೆ. ಆ ಎರಡು ವರ್ಷದಲ್ಲಿ ತೀರಿಕೊಂಡವರ ಮನೆಗಳಲ್ಲಿ ಇನ್ನೂ ಬಾಕಿ ಇರುವುದು ಜಾಸ್ತಿ. ಪಕ್ಕದೂರಿನವರಿಗೇ ಆಗ ಬರಲು ಆಗಿರಲಿಲ್ಲ, ಅಲ್ವಾ?

ಮೊದಲು ಪಟ್ಟಿ ಮಾಡಿ. ಹೊರಡುವ ಒಂದು ವಾರ ಮುಂಚೆ ಫೋನಿನಲ್ಲಿ ಅವ್ವನ ಜೊತೆ ಅರ್ಧ ತಾಸು ಮಾತಾಡಿ ಬರೆದುಕೊಳ್ಳಿ. ಬೀಗರು, ಭಾವಕಿ ಮಂದಿ (ದಾಯಾದಿಗಳು) ಅಷ್ಟೇ ಅಲ್ಲ. ಮಗ್ಗುಲ ಮನೆಯವರು, ಕಲಿಸಿದ ಮಾಸ್ತರು, ಉದ್ರಿ ಕೊಟ್ಟ ಕಿರಾಣಿ ಅಂಗಡಿಯವರು, ಗೆಳೆಯನ ಅಪ್ಪ. ಕೊನೆಗೆ ಒಂದು ಪ್ರಶ್ನೆ ಕೇಳಲೇಬೇಕು: "ಅವ್ವಾ, ನನಗ ಹೇಳದ ಬಿಟ್ಟದ್ದು ಯಾರ್‍ಯಾರದು?" ದೂರ ಇದ್ದಾನೆ, ಸುಮ್ನೆ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳಬೇಕು ಅಂತ ಮನೆಯವರು ಎಷ್ಟೋ ಸುದ್ದಿ ಮುಚ್ಚಿಡುತ್ತಾರೆ. ನೀವು ಅದನ್ನು ಕೇಳದೆ ಬಂದು, ಹಾದಿಯಲ್ಲಿ ಸಿಕ್ಕ ಅತ್ತೆಯನ್ನು "ಮಾವಾ ಆರಾಮ ಅದಾರ?" ಅಂತ ಕೇಳಿದರೆ ಆಕೆ ಏನು ಹೇಳಬೇಕು? ನಮ್ಮ ತಂಗಿ ಒಮ್ಮೆ ಹಾಗೆ ಕೇಳಿದಳು. ಕಾಯಿಪಲ್ಲೆ ಚೀಲ ಹಿಡಿದುಕೊಂಡು ಅತ್ತೆ ರಸ್ತೆಯಲ್ಲೇ ನಿಂತುಬಿಟ್ಟರು.

ದಿನಕ್ಕೆ ಎರಡು ಮನೆ, ಅದಕ್ಕಿಂತ ಹೆಚ್ಚು ಬೇಡ. ವಾರದ ಯಾವ ದಿನ ಹೋಗಬೇಕು ಅಂತ ಕೆಲವು ಮನೆಗಳಲ್ಲಿ ನೋಡುತ್ತಾರೆ. ಅವ್ವನನ್ನು ಕೇಳಿ. ಮಕ್ಕಳನ್ನು ಈ ಸಲಕ್ಕೆ ಮನೆಯಲ್ಲೇ ಬಿಡಿ. ಗಾಡಿ ಹೊರಗೆ ನಿಲ್ಲಿಸಿ ಡ್ರೈವರ್‌ಗೆ ಹತ್ತು ನಿಮಿಷ ಅನ್ನಬೇಡಿ. ಆಟೋದಲ್ಲಿ ಹೋಗಿ, ಆಟೋ ಕಳಿಸಿಬಿಡಿ. ಮಿಠಾಯಿ ಒಯ್ಯಬೇಡಿ. ಕೊಡುವುದು ಏನಾದರೂ ಇದ್ದರೆ ಅದಕ್ಕೆ ಬೇರೆ ದಿನ ಹೋಗಿ. ಫೋನ್ ಬಂದ್ ಮಾಡಿ. ಸದ್ದು ಮೆತ್ತಗೆ ಇಟ್ಟರೆ ಸಾಲದು, ಬಂದ್ ಮಾಡಿ.

ಒಳಗೆ ಹೋದ ಮೇಲೆ ಒಂದೇ ಮಾತು ಹೇಳಿ: "ಕಾಕಾ ಹೋದ ಸುದ್ದಿ ಕೇಳಿದೆ ಕಾಕಿ, ಆಗ ಬರಾಕ ಆಗಲಿಲ್ಲ." ಅಷ್ಟು ಸಾಕು. ವೀಸಾ, ರಜೆ, ಕೆಲಸದ ಕಥೆ ಶುರು ಮಾಡಬೇಡಿ. ಆ ಕಥೆ ಶುರುವಾದರೆ ಅವರು ತಮ್ಮ ದುಃಖ ಬಿಟ್ಟು ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ. ಆಮೇಲೆ ಕೇಳಿ: "ಏನಾಗಿತ್ತು?" ನಿಮಗೆ ಎಲ್ಲಾ ಗೊತ್ತಿದ್ದರೂ ಕೇಳಿ. ಅವರು ಮೊದಲಿನಿಂದ ಹೇಳುತ್ತಾರೆ. ಯಾವ ವಾರ ಜ್ವರ ಬಂತು, ಎಷ್ಟು ಗಂಟೆಗೆ ದವಾಖಾನೆಗೆ ಒಯ್ದರು, ಕಡೆಗೆ ಯಾರನ್ನು ಕೇಳಿದರು. ನಡುವೆ ಬಾಯಿ ಹಾಕಬೇಡಿ. "ನಮ್ಮಲ್ಲಿ ಆಗಿದ್ರ ಉಳಿಸತಿದ್ರು" ಅನ್ನುವ ಮಾತಂತೂ ಬಾಯಿಂದ ಬರಲೇಬಾರದು. ಆ ಮಾತು ಆ ಮನೆಯಲ್ಲಿ ವರ್ಷಗಟ್ಟಲೆ ಕೊರೆಯುತ್ತದೆ.

ನಮ್ಮ ಕಾಕಾ 2021ರಲ್ಲಿ ತೀರಿಕೊಂಡರು. ಪರದೇಶದಲ್ಲಿದ್ದ ಅಣ್ಣ ಎರಡು ವರ್ಷದ ಮೇಲೆ ಬಂದ. ಬಂದ ಮರುದಿನವೇ ಹೆಂಡತಿ, ಮಕ್ಕಳು, ಚಾಕ್ಲೇಟ್ ಡಬ್ಬಿ ಸಮೇತ ಕಾಕಿ ಮನೆಗೆ ಹೋದ. ಮಕ್ಕಳು ಓಡಾಡಿದರು, ಚಹಾ ಆಯಿತು, ಎಲ್ಲರೂ ಕೂಡಿ ಫೋಟೋ ತೆಗೆಸಿಕೊಂಡರು. ಕಾಲು ತಾಸಿನಲ್ಲಿ ಎದ್ದರು. ಕಾಕಿ ನಗುತ್ತಲೇ ಕಳಿಸಿದರು. ಆದರೆ ರಾತ್ರಿ ನನ್ನ ಮುಂದೆ ಅಂದರು: "ಅಂವಾ ಏನೂ ಕೇಳಲೇ ಇಲ್ಲಲ್ಲ." ನಾನು ಅಣ್ಣನಿಗೆ ಹೇಳಿದೆ. ಎರಡು ದಿನ ಬಿಟ್ಟು ಒಬ್ಬನೇ ಹೋದ. ಕಟ್ಟೆಯ ಮೇಲೆ ಕೂತ. ಏನಾಗಿತ್ತು ಅಂತ ಕೇಳಿದ. ಕಾಕಿ ಒಳಗೆ ಹೋಗಿ ಕಾಕಾನ ಅಡಕೊತ್ತು ತಂದು ಅವನ ಕೈಯಲ್ಲಿಟ್ಟರು. ಹಿಡಿಕೆಯ ಹಿತ್ತಾಳೆ ಹೆಬ್ಬೆರಳು ಕೂರುವ ಕಡೆ ಸವೆದು ಗುಳಿ ಬಿದ್ದಿತ್ತು. ಅಣ್ಣ ತನ್ನ ಹೆಬ್ಬೆರಳನ್ನು ಅಲ್ಲಿಟ್ಟು ಹಾಗೇ ಕೂತ. ಕಾಕಿ ಎರಡು ತಾಸು ಮಾತಾಡಿದರು. ಸಂಜೆ ರೊಟ್ಟಿ ಬಡಿದು ಉಣಿಸಿ ಕಳಿಸಿದರು.

ಚಹಾ ಕೊಟ್ಟರೆ ಬೇಡ ಅನ್ನಬೇಡಿ. ಸಕ್ಕರೆ ಜಾಸ್ತಿ ಇದ್ದರೂ ಕುಡಿಯಿರಿ. ದುಡ್ಡಿನ ಪಾಕೀಟು ಕೈಗೆ ತುರುಕಬೇಡಿ. ಸಹಾಯ ಬೇಕಾದ ಮನೆ ಅಂತ ಅನಿಸಿದರೆ ಆಮೇಲೆ ಹಿರಿಯರೊಬ್ಬರ ಕೈಯಲ್ಲಿ ಸುದ್ದಿಯಾಗದಂತೆ ಮುಟ್ಟಿಸಿ. ಏಳುವಾಗ "ಹೋಗಿ ಬರ್ತೀನಿ" ಅನ್ನದ ಪದ್ಧತಿ ಹಲವು ಮನೆಗಳಲ್ಲಿದೆ. ಕೈ ಮುಗಿದು ಸುಮ್ಮನೆ ಎದ್ದು ಬನ್ನಿ.

ಒಂದು ಅಡ್ಡದಾರಿಯನ್ನು ಬಹಳ ಮಂದಿ ಹಿಡಿಯುತ್ತಾರೆ. ಹೇಗೂ ಮದುವೆಯಲ್ಲಿ ಎಲ್ಲರೂ ಸಿಗುತ್ತಾರಲ್ಲ, ಅಲ್ಲೇ ಮಾತಾಡಿಸಿದರಾಯಿತು ಅಂತ. ಅದು ಲೆಕ್ಕಕ್ಕೆ ಬರುವುದಿಲ್ಲ. ಅಕ್ಷತೆ ಹಿಡಿದುಕೊಂಡು ಸಾವಿನ ಮಾತು ಆಡಲು ಅವರಿಗೂ ಆಗದು, ನಿಮಗೂ ಆಗದು.

6. ಇನ್ನು ಸಂತೋಷದ ಮನೆಗಳು

ಹೊಸ ಮದುವೆ, ಹೊಸ ಮನೆ, ಕೂಸು ಹುಟ್ಟಿದ ಮನೆ. ಈಗ ಮಕ್ಕಳನ್ನು ಕರೆದುಕೊಂಡು, ಸಂಕ್ರಾಂತಿಯ ಕುಸುರೆಳ್ಳು ಹಿಡಿದು, ಎಷ್ಟು ಮನೆಗಾದರೂ ಹೋಗಿ. "ಯಾವಾಗ ಹೋಗ್ತಿ?" ಅಂತ ಎಲ್ಲರೂ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಊಟಕ್ಕೆ ಯಾವತ್ತು ಕರೆಯಲಿ ಅನ್ನುವುದು ಅದರ ಅರ್ಥ. ತಾರೀಖು ಹೇಳಿ.

7. ತಿರುಗಿ ಹೊರಡುವಾಗ

ಕರದಂಟು ಅಮೀನಗಡದ್ದೋ ಗೋಕಾಕದ್ದೋ ನಿಮ್ಮ ರುಚಿಗೆ ಬಿಟ್ಟದ್ದು. ನಾನು ಅಮೀನಗಡದ ಕಡೆ. ಆದರೆ ಡಬ್ಬಿಯ ಚೆಂದ ನೋಡಿ ಕೊಳ್ಳಬೇಡಿ. ಒಂದು ತುಂಡು ಮುರಿದು ನೋಡಿ. ಅಂಟು, ಒಣ ಕೊಬ್ಬರಿ, ಗೋಡಂಬಿ ಕಣ್ಣಿಗೆ ಕಾಣಬೇಕು. ಬರೀ ಪಾಕ ಎಳೆ ಎಳೆಯಾಗಿ ಬಂದರೆ ಬಿಡಿ.

ಕಟಕ ರೊಟ್ಟಿಯನ್ನು (ಒಣಗಿಸಿದ ಗಟ್ಟಿ ರೊಟ್ಟಿ) ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಊರು ದಾಟುವುದರೊಳಗೆ ಪುಡಿಯಾಗುತ್ತವೆ. ರೊಟ್ಟಿಯಷ್ಟೇ ಅಗಲದ ಸ್ಟೀಲ್ ಡಬ್ಬಿ ತನ್ನಿ. ತಳಕ್ಕೆ ಹಳೆ ಧೋತರದ ತುಂಡು ಮಡಚಿ ಹಾಸಿ, ರೊಟ್ಟಿ ಒಂದರ ಮೇಲೊಂದು ಇಡಿ. ಮೇಲೆ ಜಾಗ ಉಳಿದರೆ ಅಲ್ಲಿಗೂ ಬಟ್ಟೆ ತುಂಬಿ, ಅಲ್ಲಾಡಬಾರದು. ಶೇಂಗಾ ಹಿಂಡಿ ಬೇರೆ ಡಬ್ಬಿಗೆ. ಆಸ್ಟ್ರೇಲಿಯಾಕ್ಕೆ ಹೋಗುವವರು ತಿನ್ನುವ ಪದಾರ್ಥ ಇದೆ ಅಂತ ಆ ದೇಶದ ಪ್ರವೇಶ ಫಾರ್ಮಿನಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ದಂಡ ಬೀಳಬಹುದು. ರೊಟ್ಟಿ ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ. ಸ್ವಲ್ಪ ಬಿಸಿ ಇದ್ದರೂ ಮೆತ್ತಗಾಗಿ ಬೂಷ್ಟು ಹಿಡಿಯುತ್ತವೆ. ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ರೊಟ್ಟಿ ಮಾಡಿಸಿ, ರಾತ್ರಿ ತುಂಬಿ.